ಅಕ್ಕಾರ, ನೀವು ಹೇಳ್ರಿ

ಮಂಗಳವಾರ ಬೆಳಿಗ್ಗೆ ಹುಕ್ಕೇರಿಯ ಸರ್ಕಾರಿ ಆಸ್ಪತ್ರೆ. ಕೇಸ್ ಪೇಪರ್ ಮಾಡಿಸುವ ಸಾಲು ಬಾಗಿಲು ದಾಟಿ ಅಂಗಳಕ್ಕೆ ಇಳಿದಿದೆ. ಜ್ವರದವರು, ಬಸುರಿಯರು, ಹಿಮ್ಮಡಿ ನೋವಿನ ಮುದುಕರು. ಇವರ ನಡುವೆ ಮನೋವೈದ್ಯರನ್ನು ಕಾಣಲು ಬಂದವರು ಯಾರೆಂದು ತಟ್ಟನೆ ತಿಳಿಯುವುದಿಲ್ಲ. ಅವರಿಗೆ ಬೇಕಾದದ್ದೂ ಅದೇ. ಗೋಡೆಗೆ ಆನಿಕೊಂಡ ಹುಡುಗನೊಬ್ಬ ತನ್ನಷ್ಟಕ್ಕೆ ತುಟಿ ಅಲ್ಲಾಡಿಸುತ್ತಾನೆ. ತಾಯಿ ಅವನ ಅಂಗಿಯ ಚುಂಗು ಬಿಟ್ಟಿಲ್ಲ.

ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ರಾಜ್ಯ ಸರ್ಕಾರದ ಕಾರ್ಯಕ್ರಮಕ್ಕೆ ಮನೋಚೈತನ್ಯ ಎಂದು ಹೆಸರು. ಇದರ ಬೇರು ಬಳ್ಳಾರಿಯಲ್ಲಿದೆ. 1985ರಿಂದ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ಅಲ್ಲಿ ಹಳ್ಳಿಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗಕ್ಕೆ ಊರ ಹತ್ತಿರವೇ ಔಷಧ ಸಿಗುವಂತೆ ಮಾಡಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಒಳಗೆ ಒಬ್ಬ ಹೆಂಗಸು, ಪಕ್ಕದಲ್ಲಿ ಗಂಡ. ಹೇಗಿದ್ದೀರಿ ಎಂದು ಡಾಕ್ಟರು ಕೇಳುವುದೇ ತಡ, ಗಂಡ ಶುರು ಮಾಡುತ್ತಾನೆ: “ಈಗ ಬೇಷ್ ಅದಾಳ್ರಿ. ಉಣ್ತಾಳ, ಮಕ್ಕೋತಾಳ. ಜಗಳಿಲ್ಲ, ಏನಿಲ್ಲ.” ಡಾಕ್ಟರು ಕುರ್ಚಿಯನ್ನು ಅವಳತ್ತ ತಿರುಗಿಸುತ್ತಾರೆ. “ಅಕ್ಕಾರ, ನೀವು ಹೇಳ್ರಿ.”

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾಳೆ. ಗುಳಿಗಿ ತಗೊಂಡರೆ ನಸುಕಿನಾಗ ಎಚ್ಚರ ಆಗೂದಿಲ್ಲ, ಎಮ್ಮಿ ಹಿಂಡಾಕ ಅತ್ತಿ ಏಳಬೇಕಾಗ್ತೈತಿ, ಅದಕ್ಕ ಮನ್ಯಾಗ ಮಾತು ಬರ್ತಾವ. ಗಂಡನ ಲೆಕ್ಕದಲ್ಲಿ ಈ ಚಿಕಿತ್ಸೆಗೆ ನೂರಕ್ಕೆ ನೂರು. ಅವಳ ಲೆಕ್ಕವೇ ಬೇರೆ. ರೋಗಿಗೆ ಸಮಾಧಾನವಾಯಿತೇ ಎಂದು ನಾವು ಬಹುತೇಕ ಕೇಳುವುದು ರೋಗಿಯನ್ನಲ್ಲ, ಕರೆತಂದವರನ್ನು. ಮನೆ ಶಾಂತವಾದರೆ ಕಾಯಿಲೆ ವಾಸಿಯಾಯಿತೆಂದು ಬರೆದುಕೊಳ್ಳುತ್ತೇವೆ. ಇದು ನನಗೆ ಸರಿ ಕಾಣುವುದಿಲ್ಲ.

ಮಾತು ಹಿಂದಕ್ಕೆ ಸರಿಯುತ್ತದೆ. ಕಬ್ಬು ಕಡಿಯುವ ಸುಗ್ಗಿಯಲ್ಲಿ ಅವಳಿಗೆ ದಿನಗಟ್ಟಲೆ ನಿದ್ದೆ ಹತ್ತಿರಲಿಲ್ಲ. ಯಾರೋ ಬಾವಿಗೆ ವಿಷ ಹಾಕಿದ್ದಾರೆಂದು ನಡುರಾತ್ರಿ ಓಣಿಯಲ್ಲಿ ಕೂಗಿದಳು. ಅಂಗಾರ, ತಾಯತ ಎಲ್ಲ ಮುಗಿದ ಮೇಲೆ ಟ್ರ್ಯಾಕ್ಸ್ ಗಾಡಿ ಬಂತು. “ಕೈ ಕಟ್ಟಿದ್ರು ರಿ. ಎಲ್ಲಿಗೆ ಒಯ್ಯಾಕತ್ತೀವಿ ಅಂತ ಒಬ್ಬರೂ ಹೇಳಲಿಲ್ಲ.” ಧಾರವಾಡದ ದೊಡ್ಡ ದವಾಖಾನೆ ತಲುಪಿದಾಗ ಬೆಳಗಾಗಿತ್ತು. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಹುಟ್ಟಿ, ಈಗ ಡಿಮ್ಹಾನ್ಸ್ ಎಂಬ ಹೆಸರಿನ ಸಂಸ್ಥೆಯಾಗಿರುವ ಆ ದವಾಖಾನೆಯಲ್ಲಿ ಕಳೆದ ದಿನಗಳ ಬಗ್ಗೆ ಅವಳಿಗೆ ಸಿಟ್ಟಿಲ್ಲ. ನರ್ಸೊಬ್ಬಳು ಹಗ್ಗದ ಗುರುತಿಗೆ ಮುಲಾಮು ಹಚ್ಚಿ, ಹೆಸರು ಹಿಡಿದು ಕರೆದದ್ದು ಚೆನ್ನಾಗಿ ನೆನಪಿದೆ. ಮರೆಯಲಾಗದ್ದು ದಾರಿ.

ಆ ದಾರಿಯ ಬದಲು ಚಿಕಿತ್ಸೆಯೇ ಮನೆಗೆ ಬಂದಿದ್ದರೆ? ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಮಾನಸಿಕ ಬಿಕ್ಕಟ್ಟಿನಲ್ಲಿದ್ದ 260 ಮಂದಿಯಲ್ಲಿ ಕೆಲವರ ಮನೆಗೇ ಚಿಕಿತ್ಸೆಯ ತಂಡ ಹೋಯಿತು, ಉಳಿದವರಿಗೆ ಎಂದಿನ ವ್ಯವಸ್ಥೆ. ಮನೆಗೆ ತಂಡ ಹೋದವರಲ್ಲಿ ಆಸ್ಪತ್ರೆ ಸೇರಿದವರು ಬಹಳ ಕಡಿಮೆ. ರೋಗಿಗಳ ಸಮಾಧಾನದ ಅಂಕಗಳಲ್ಲಿ ಮಾತ್ರ ಅಂತರ ಸಣ್ಣದು. ಮನೆಯೋ ಆಸ್ಪತ್ರೆಯೋ ಎಂಬುದರಷ್ಟೇ ಹೇಗೆ ಮಾತಾಡಿಸಿದರು ಎಂಬುದೂ ತೂಗುತ್ತದೆ ಎಂದು, ಈ ಹೆಂಗಸಿನ ಮಾತು ಕೇಳಿದ ಮೇಲೆ, ನನಗನ್ನಿಸುತ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ತುರ್ತು ಸಂದರ್ಭದಲ್ಲಿ ನೋಂದಾಯಿತ ವೈದ್ಯರು ಯಾರೇ ಆದರೂ, ರೋಗಿ ಇರುವಲ್ಲೇ ಮೊದಲ 72 ಗಂಟೆಯ ಚಿಕಿತ್ಸೆ ಶುರು ಮಾಡಬಹುದು. ಅಂದರೆ ಟ್ರ್ಯಾಕ್ಸ್ ಹೊರಡುವ ಮೊದಲು ಊರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲು ಬಡಿಯಬಹುದಿತ್ತು. 2022ರಿಂದ ಟೆಲಿ ಮಾನಸ್‌ನ 14416 ಸಹಾಯವಾಣಿ ನಂಬರು ಹಗಲೂ ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು. ಓಣಿಯಲ್ಲಿ ಅಂದು ಯಾರಿಗೂ ಅದು ಗೊತ್ತಿರಲಿಲ್ಲ.

ಡಾಕ್ಟರು ಗುಳಿಗೆಯ ಪ್ರಮಾಣ ಇಳಿಸಿ, ರಾತ್ರಿ ಊಟವಾದ ಕೂಡಲೇ ನುಂಗಲು ಹೇಳುತ್ತಾರೆ. ಆಮೇಲೆ ಒಂದು ಬಿಳಿ ಹಾಳೆ ಮುಂದಿಡುತ್ತಾರೆ. ಮತ್ತೆ ಕಾಯಿಲೆ ಹೆಚ್ಚಾದರೆ ತನ್ನ ಪರವಾಗಿ ಯಾರು ನಿಲ್ಲಬೇಕೆಂದು ರೋಗಿಯೇ ಸಾದಾ ಕಾಗದದಲ್ಲಿ ಬರೆದು ಸಹಿ ಮಾಡಬಹುದು, ಹೆಬ್ಬೆಟ್ಟೂ ನಡೆಯುತ್ತದೆ. ಇದೂ ಅದೇ ಕಾಯ್ದೆ ಕೊಟ್ಟ ಹಕ್ಕು. ಗಂಡ ತನ್ನ ಹೆಸರು ಹೇಳಲು ಬಾಯಿ ತೆರೆಯುತ್ತಾನೆ.

“ಗೋಕಾಕದಾಗ ನಮ್ಮಕ್ಕ ಅದಾಳ್ರಿ,” ಅವಳು ಹೇಳುತ್ತಾಳೆ. “ಅಕಿ ಹೆಸರು ಬರೀರಿ. ಅಕಿ ನನಗ ಹೇಳದ ಎಲ್ಲಿಗೂ ಒಯ್ಯೂದಿಲ್ಲ.”