ಹಡಪದಲ್ಲಿ ದೊರೆತ ಚರ್ಮದ ಪಟ್ಟಿ

ನಮ್ಮ ಊರಿನಲ್ಲಿ ಹಲವು ದಶಕಗಳ ಕಾಲ ಕ್ಷೌರದ ಕಾಯಕವನ್ನು ನಿಷ್ಠೆಯಿಂದ ನಡೆಸಿದ ಹಿರಿಯರೊಬ್ಬರು ಲಿಂಗೈಕ್ಯರಾದ ಕೆಲವು ತಿಂಗಳ ಅನಂತರ, ಅವರ ಮಗ ತಂದೆಯವರ ಹಡಪವನ್ನು ನಮ್ಮ ಮನೆಯ ಪಡಸಾಲೆಯಲ್ಲಿ ಬಿಚ್ಚಿದರು. ಬಸವಣ್ಣನವರ ಒಡನಾಡಿ ಹಡಪದ ಅಪ್ಪಣ್ಣನವರನ್ನು ಭಕ್ತಿಯಿಂದ ನೆನೆಯುವ ಮನೆತನ ಅದು. ಕತ್ತರಿ, ಬಾಚಣಿಗೆ, ಮಸೆಗಲ್ಲುಗಳ ನಡುವೆ ಸುರುಳಿ ಸುತ್ತಿದ ಚರ್ಮದ ಪಟ್ಟಿಯೊಂದಿತ್ತು. ಒಣಗಿ ಬಿರುಸಾಗಿದೆ, ಬೂಷ್ಟು ಹಿಡಿದಿದೆ, ಇದನ್ನು ಎಸೆಯಬಹುದೇ ಎಂದು ಅವರು ಕೇಳಿದರು. ಬೇಡವೆಂದೆವು.

ಮಸೆಗಲ್ಲು ಕತ್ತಿಯ ಅಲಗನ್ನು ತೇಯ್ದು ಹರಿತಗೊಳಿಸುತ್ತದೆ. ಆ ಅಂಚಿನಲ್ಲಿ ಉಳಿಯುವ, ಕಣ್ಣಿಗೆ ಕಾಣದ ಬಾಗುಗಳನ್ನು ನೇರಗೊಳಿಸಿ ನುಣುಪಾಗಿಸುವುದು ಪಟ್ಟಿಯ ಕೆಲಸ. ಜಿಲೆಟ್ ಅವರ ಬದಲಾಯಿಸುವ ಬ್ಲೇಡಿಗೆ 1904ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆತ ಬಳಿಕ ಈ ಪಟ್ಟಿ ಮನೆಗಳಿಂದ ಕ್ರಮೇಣ ಮರೆಯಾಯಿತು.

ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಬೇಕು. ನಮ್ಮ ತಂದೆಯವರ ಪಟ್ಟಿಯನ್ನು ಹಿಂದೊಮ್ಮೆ ಮೃದುಗೊಳಿಸುವ ಆತುರದಲ್ಲಿ ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಸುರಿದು ಬಿಸಿಲಿಗಿಟ್ಟಿದ್ದೆವು. ಅಂಚುಗಳು ಸೊಟ್ಟಗಾದವು, ನಡುಭಾಗ ಮೆತ್ತಗಾಯಿತು. ಮೆತ್ತನೆಯ ಚರ್ಮದಲ್ಲಿ ಅಲಗು ಹುದುಗಿ ಮೊಂಡಾಗುತ್ತದೆ. ಹೀರಿಕೊಂಡ ಎಣ್ಣೆಯನ್ನು ಹೊರತೆಗೆಯಲು ನಮ್ಮಿಂದಾಗಲಿಲ್ಲ. ತಂದೆಯವರ ಆ ವಸ್ತು ಹಾಗೆ ಕೈತಪ್ಪಿತು.

ಆದ್ದರಿಂದ ಈ ಬಾರಿ ಅವಸರಿಸಲಿಲ್ಲ. ಮೊದಲು ಒಣಬಟ್ಟೆಯಿಂದ ಬೂಷ್ಟನ್ನು ಅಂಗಳದಲ್ಲಿಯೇ ಒರೆಸಿದೆವು. ಬಳಿಕ ಸೌಮ್ಯವಾದ ಸೋಪಿನ ನೊರೆಯನ್ನು, ನೀರನ್ನಲ್ಲ, ಹಿಂಡಿದ ಬಟ್ಟೆಯಿಂದ ಹಚ್ಚಿ ಕೊಳೆಯನ್ನು ತೆಗೆದು, ನೆರಳಿನಲ್ಲಿ ಎರಡು ದಿನ ತೂಗುಹಾಕಿದೆವು. ಹಿಂಬದಿಯ ಬಟ್ಟೆಯ ಪಟ್ಟಿಯನ್ನು ಬಿಚ್ಚಿ ತೊಳೆದೆವು. ಚರ್ಮದ ಮೇಲೆ ಹೊಳಪು ಕಟ್ಟಿದ ಹಳೆಯ ಪದರನ್ನು ನಯವಾದ ಉಜ್ಜುಕಾಗದದಿಂದ, ಮರದ ತುಂಡಿಗೆ ಸುತ್ತಿ, ಉದ್ದುದ್ದಕ್ಕೆ ಹಗುರವಾಗಿ ಉಜ್ಜಿದೆವು. ಅಂಚಿನಲ್ಲಿದ್ದ ಸಣ್ಣ ಗಾಯ ಹೀಗೆ ಸಮವಾಯಿತು. ನಡುವೆ ಆಳವಾದ ಸೀಳು ಇದ್ದಿದ್ದರೆ ಆ ಪಟ್ಟಿಯನ್ನು ಬಳಸುವಂತಿರಲಿಲ್ಲ, ಏಕೆಂದರೆ ಅಲಗು ಅಲ್ಲಿ ಸಿಕ್ಕಿ ಹಾಳಾಗುತ್ತದೆ.

ಎಣ್ಣೆಯ ವಿಷಯಕ್ಕೆ ಬಂದರೆ, ಪಾಶ್ಚಾತ್ಯರಲ್ಲಿ ದನದ ಕಾಲೆಲುಬಿನಿಂದ ತೆಗೆದ ಎಣ್ಣೆಯ ಬಳಕೆಯಿದೆ. ನಮಗೆ ಅದು ಬೇಕೆನಿಸಲಿಲ್ಲ. ಹಿಂದಿನ ಕ್ಷೌರಿಕರ ಸರಳ ಕ್ರಮವೊಂದಿದೆ: ಕ್ಷೌರದ ಸೋಪಿನ ದಪ್ಪ ನೊರೆಯನ್ನು ತೆಳುವಾಗಿ ಸವರಿ, ನುಣುಪಾದ ಗಾಜಿನ ಬಾಟಲಿಯಿಂದ ಒತ್ತಿ ಉಜ್ಜುವುದು. ಅದನ್ನು ಕೆಲವು ದಿನ ಮಾಡಿದೆವು. ಕೊನೆಗೆ ಬರಿಯ ಅಂಗೈಯಿಂದ ತಿಕ್ಕಿದೆವು. ಅಂಗೈಯ ಬಿಸುಪು, ಚರ್ಮದ ಸಹಜ ಜಿಡ್ಡು ಪಟ್ಟಿಗೆ ಸಾಕಷ್ಟೇ. ಹಸಿರು ಬಣ್ಣದ ಪಾಲಿಶ್ ಮುದ್ದೆಯನ್ನು ಮಾತ್ರ ಇದಕ್ಕೆ ಮುಟ್ಟಿಸಲಿಲ್ಲ. ಅದು ಬೇಕಾದವರು ಬೇರೊಂದು ಪಟ್ಟಿಯನ್ನು ಇಟ್ಟುಕೊಳ್ಳಬೇಕು.

ಪಟ್ಟಿ ಮತ್ತೆ ಬಾಗತೊಡಗಿದಾಗ ಅದನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಹಿಡಿದೆವು. ಮಗ ತಂದೆಯವರ ಕತ್ತಿಯನ್ನು ಮೊದಲು ಬಟ್ಟೆಯ ಮೇಲೆ, ಅನಂತರ ಚರ್ಮದ ಮೇಲೆ ಎಳೆದರು. ಕತ್ತಿಯ ಬೆನ್ನು ಮುಂದೆ, ಅಲಗು ಹಿಂದೆ. ತುದಿಯಲ್ಲಿ ಬೆನ್ನಿನ ಮೇಲೆಯೇ ಮಗುಚುವುದು. ಒತ್ತಬಾರದೆಂದು ನಾವು ಹೇಳುವ ಮೊದಲೇ ಅವರ ಕೈ ಹಗುರಾಗಿತ್ತು. ಚಿಕ್ಕಂದಿನಲ್ಲಿ ತಂದೆಯ ಪಕ್ಕದಲ್ಲಿ ಕುಳಿತು ನೋಡಿದ್ದರಂತೆ.

ಈಗ ಆ ಪಟ್ಟಿ ಅವರ ಅಂಗಡಿಯ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ. ಬಂದ ಪ್ರತಿಯೊಬ್ಬರಿಗೂ ಹೊಸ ಬ್ಲೇಡು. ತಂದೆಯ ಕತ್ತಿ ಮಾತ್ರ ಅವರ ಸ್ವಂತ ಗಡ್ಡಕ್ಕೆ, ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ.