ಲೋಲಕವೂ ತತ್ತ್ವಶಾಸ್ತ್ರವೂ

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಮೊದಮೊದಲು ಮಾಡುವ ಪ್ರಯೋಗಗಳಲ್ಲಿ ಸರಳ ಲೋಲಕದ್ದೂ ಒಂದು. ದಾರದ ತುದಿಗೆ ಲೋಹದ ಗುಂಡೊಂದನ್ನು ಕಟ್ಟಿ ತೂಗಬಿಡುವುದು, ಆಂದೋಲನಗಳನ್ನು ಎಣಿಸಿ ಕಾಲವನ್ನು ಅಳೆಯುವುದು, ಅದರಿಂದ ಗುರುತ್ವದ ವೇಗೋತ್ಕರ್ಷವನ್ನು ಗಣಿಸುವುದು, ಇಷ್ಟೇ ಕೆಲಸ. ಗಡಿಯಾರವನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಪ್ರತಿವರ್ಷವೂ ಯಾರಾದರೊಬ್ಬರು ನನ್ನನ್ನು ಕೇಳುವ ಪ್ರಶ್ನೆ ಒಂದುಂಟು: “ಉತ್ತರ ಎಷ್ಟು ಬರಬೇಕು, ಸಾರ್?”

ಹಾಗೆ ಕೇಳಿದವರನ್ನು ಗದರಿಸುವ ಅಧಿಕಾರ ನನಗಿಲ್ಲ. ವಿದ್ಯಾರ್ಥಿಯಾಗಿದ್ದಾಗ ಮೈಸೂರಿನಲ್ಲಿಯೇ ನಾನೂ ಈ ಪ್ರಯೋಗವನ್ನು ಮಾಡಿದೆನು. ಲೋಲಕದ ಉದ್ದ 100 ಸೆಂಟಿಮೀಟರು. 100 ಆಂದೋಲನಗಳಿಗೆ ಹಿಡಿದ ಕಾಲ 200.9 ಸೆಕೆಂಡು. ಗಣಿಸಿದಾಗ ಬಂದ ಬೆಲೆ ಸೆಕೆಂಡಿಗೆ ಸೆಕೆಂಡಿಗೆ 978 ಸೆಂಟಿಮೀಟರು. ಪುಸ್ತಕದಲ್ಲಿದ್ದುದು 981. ಪುಸ್ತಕ ತಪ್ಪುವುದುಂಟೆ? 200.9ನ್ನು ಅಳಿಸಿ 200.6 ಎಂದು ಬರೆದೆನು. ಉತ್ತರ 981 ಬಂದಿತು. ಪೂರ್ಣ ಅಂಕಗಳೂ ಬಂದವು.

ಅಧ್ಯಾಪಕನಾದ ಮೇಲೆ, ಪಾಠಕ್ಕಾಗಿ ಸಿದ್ಧತೆ ಮಾಡಿಕೊಳ್ಳುತ್ತಿದ್ದಾಗ, ನನಗೆ ನಾಚಿಕೆಯಾಗುವಂತಹ ಸಂಗತಿಯೊಂದು ತಿಳಿಯಿತು. ಭೂಮಿ ಸಮಭಾಜಕವೃತ್ತದ ಬಳಿ ಉಬ್ಬಿದೆ. ತನ್ನ ಅಕ್ಷದ ಮೇಲೆ ತಿರುಗುತ್ತಲೂ ಇದೆ. ಆದಕಾರಣ ಗುರುತ್ವದ ವೇಗೋತ್ಕರ್ಷ ಎಲ್ಲೆಡೆಯೂ ಒಂದೇ ಅಲ್ಲ. ಧ್ರುವಗಳಲ್ಲಿ ಹೆಚ್ಚು, ಸಮಭಾಜಕದಲ್ಲಿ ಕಡಿಮೆ. 981 ಎಂಬುದು ಲಂಡನ್ನಿನಂತಹ ಉತ್ತರದ ಊರುಗಳಿಗೆ ಸಲ್ಲುವ ಬೆಲೆ. ಮೈಸೂರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ 700 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ; ಇಲ್ಲಿನ ಬೆಲೆ 978ರ ಆಸುಪಾಸಿನದು. ದಾರದ ಉದ್ದದಲ್ಲಿ ಒಂದು ಮಿಲಿಮೀಟರು ತಪ್ಪಿದರೂ ಉತ್ತರ ಸುಮಾರು ಒಂದು ಸೆಂಟಿಮೀಟರಿನಷ್ಟು ಬದಲಾಗುವುದರಿಂದ ನನ್ನ 978 ಆಕಸ್ಮಿಕವಾಗಿಯೂ ಬಂದಿರಬಹುದು. ಆದರೂ ಸತ್ಯಕ್ಕೆ ಸಮೀಪವಾದ ಅಂಕಿಯನ್ನು ಅಳಿಸಿ, ದೂರವಾದುದನ್ನು ಬರೆದೆನೆಂಬುದು ನಿಶ್ಚಯ.

ನಾನು ಮಾಡಿದ ತಪ್ಪಾದರೂ ಏನು? ಗಣಿತದಲ್ಲಿ ತಪ್ಪಿರಲಿಲ್ಲ, ಸೂತ್ರದಲ್ಲಿಯೂ ತಪ್ಪಿರಲಿಲ್ಲ. ಅದು ಬೇರೊಂದು ಶಾಸ್ತ್ರ ವಿಚಾರಿಸಬೇಕಾದ ತಪ್ಪು. ಆ ಶಾಸ್ತ್ರವೇ ತತ್ತ್ವಶಾಸ್ತ್ರ.

ತತ್ತ್ವಶಾಸ್ತ್ರವೆಂದರೆ ವೃದ್ಧಾಪ್ಯದ ಕಾಲಕ್ಷೇಪವೆಂದು ಭಾವಿಸುವವರು ಅನೇಕರು. ಗ್ರೀಕರು ಅದಕ್ಕೆ ಇಟ್ಟ ಹೆಸರಿಗೆ ಜ್ಞಾನಪ್ರೇಮವೆಂದು ಅರ್ಥ. ನಮ್ಮವರು ಅದನ್ನು ದರ್ಶನ, ಎಂದರೆ ನೋಟ, ಎಂದು ಕರೆದರು. ಉಳಿದ ಶಾಸ್ತ್ರಗಳು ಕೆಲವು ಸಂಗತಿಗಳನ್ನು ಒಪ್ಪಿಕೊಂಡು ಮುಂದೆ ಸಾಗುತ್ತವೆ. ತತ್ತ್ವಶಾಸ್ತ್ರವಾದರೋ ಹಾಗೆ ಒಪ್ಪಿಕೊಂಡುದನ್ನೇ ಪರೀಕ್ಷಿಸುತ್ತದೆ. ಒಂದು ಕಾಲದಲ್ಲಿ ಭೌತವಿಜ್ಞಾನವೂ ಅದರ ಮನೆಯಲ್ಲಿಯೇ ಬೆಳೆಯಿತು. ನ್ಯೂಟನ್ನನು 1687ರಲ್ಲಿ ಪ್ರಕಟಿಸಿದ ಮಹಾಗ್ರಂಥದ ಹೆಸರಿನಲ್ಲಿರುವುದು ಪ್ರಕೃತಿಯ ತತ್ತ್ವಶಾಸ್ತ್ರವೆಂಬ ಮಾತೇ.

ಈಗ ನನ್ನ ಲೋಲಕವನ್ನೇ ಹಿಡಿದು ಈ ಶಾಸ್ತ್ರದ ಮುಖ್ಯ ಶಾಖೆಗಳನ್ನು ನೋಡೋಣ.

ಮೊದಲನೆಯದು ಜ್ಞಾನಮೀಮಾಂಸೆ. ತಿಳಿದಿದ್ದೇನೆ ಎಂದು ಹೇಳಲು ಏನು ಆಧಾರ? ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ಒಪ್ಪಿದರು. ಚಾರ್ವಾಕರು ಪ್ರತ್ಯಕ್ಷವೊಂದೇ ಸಾಕೆಂದರು. ಗಡಿಯಾರದ ಮುಳ್ಳನ್ನು ಕಂಡುದು ಪ್ರತ್ಯಕ್ಷ. ಪುಸ್ತಕದ ಮಾತು ಶಬ್ದ. ಇವೆರಡೂ ಹೊಂದದಿದ್ದಾಗ ಏನು ಮಾಡಬೇಕು? ಪುಸ್ತಕವನ್ನು ನಂಬಿದುದೇ ನನ್ನ ದೋಷವಲ್ಲ. ಪುಸ್ತಕವನ್ನು ನಂಬದೆ ಯಾವ ವಿದ್ಯೆಯೂ ಬೆಳೆಯದು. ಆ ಮಾತು ಯಾವ ಊರಿಗೆ ಸಲ್ಲುವುದೆಂದು ವಿಚಾರಿಸದೆ ಹೋದುದು ದೋಷ.

ಎರಡನೆಯದು ತರ್ಕಶಾಸ್ತ್ರ. ಮಳೆ ಬಂದರೆ ಅಂಗಳ ನೆನೆಯುತ್ತದೆ, ಅಂಗಳ ನೆನೆದಿದೆ, ಆದ್ದರಿಂದ ಮಳೆ ಬಂದಿದೆ. ಇದು ಸರಿಯಾದ ತರ್ಕವೇ? ರಂಗೋಲಿಯಿಡಲೆಂದು ಮನೆಯವರು ನೀರು ಹಾಕಿರಬಹುದಲ್ಲವೆ? ಹಾಗೆಯೇ, ಪ್ರಯೋಗವನ್ನು ಸರಿಯಾಗಿ ಮಾಡಿದರೆ ಪುಸ್ತಕದ ಬೆಲೆ ಬರುತ್ತದೆಂದೇ ಇಟ್ಟುಕೊಳ್ಳೋಣ. ಪುಸ್ತಕದ ಬೆಲೆ ಬಂದಿದೆಯೆಂಬುದರಿಂದ ಪ್ರಯೋಗ ಸರಿಯಾಗಿತ್ತೆಂದು ಸಿದ್ಧವಾಗುವುದಿಲ್ಲ. ನನಗೆ ಪೂರ್ಣ ಅಂಕಗಳು ದೊರೆತುದು ಈ ಹೇತ್ವಾಭಾಸದಿಂದಲೇ.

ಮೂರನೆಯದು ತತ್ತ್ವಮೀಮಾಂಸೆ. ನಾವು ಅಳೆದ ವಸ್ತುವಿನ ನಿಜಸ್ವರೂಪವೇನೆಂಬುದು ಇದರ ಪ್ರಶ್ನೆ. ಗುಂಡನ್ನು ಭೂಮಿ ಎಳೆಯುತ್ತದೆಂದು ನ್ಯೂಟನ್ನನ ಲೆಕ್ಕ ಹೇಳಿತು. 1915ರಲ್ಲಿ ಐನ್‌ಸ್ಟೈನನು ಗುರುತ್ವವೆಂಬುದು ದೇಶಕಾಲಗಳ ವಕ್ರತೆಯೆಂದು ತೋರಿಸಿದನು. ಪ್ರಯೋಗಶಾಲೆಯ ಲೋಲಕಕ್ಕೆ ಎರಡು ಸಿದ್ಧಾಂತಗಳೂ ಒಂದೇ ಉತ್ತರವನ್ನು ಕೊಡುತ್ತವೆ. ಹಾಗಾದರೆ ‘ಎಳೆತ’ವೆಂಬುದು ಜಗತ್ತಿನಲ್ಲಿದೆಯೋ, ನಮ್ಮ ಲೆಕ್ಕದಲ್ಲಿ ಮಾತ್ರ ಇದೆಯೋ?

ನಾಲ್ಕನೆಯದು ನೀತಿಶಾಸ್ತ್ರ. ಅಂಕಿಯನ್ನು ತಿದ್ದಿದುದರಿಂದ ಯಾರಿಗೂ ಹಾನಿಯಾಗಲಿಲ್ಲವೆಂದು ವಾದಿಸಬಹುದು. ಫಲವನ್ನು ನೋಡಿ ಕರ್ಮವನ್ನು ತೂಗುವವರು ಆ ಚಾಳಿ ಮುಂದೆ ಔಷಧವನ್ನೋ ಸೇತುವೆಯನ್ನೋ ಪರೀಕ್ಷಿಸುವಾಗಲೂ ಉಳಿದರೇನಾಗುವುದೆಂದು ಕೇಳುತ್ತಾರೆ. ಜರ್ಮನಿಯ ಕಾಂಟನಂತಹ ದಾರ್ಶನಿಕರಿಗೆ ಫಲ ಹೇಗೇ ಇರಲಿ, ಸುಳ್ಳು ಸುಳ್ಳೇ. ಯಾವ ದಾರಿಯಿಂದ ಹೋದರೂ ನನಗೆ ಬಿಡುಗಡೆಯಿಲ್ಲ.

ಐದನೆಯದು ಸೌಂದರ್ಯಮೀಮಾಂಸೆ. ಲೋಲಕದ ಸರಳ ಸೂತ್ರವನ್ನು ನಾವು ಸುಂದರವೆನ್ನುತ್ತೇವೆ. ಸೌಂದರ್ಯ ಸತ್ಯದ ಗುರುತಾಗಬಲ್ಲುದೆ? 981 ನನ್ನ ಕಣ್ಣಿಗೆ 978ಕ್ಕಿಂತ ಅಂದವಾಗಿ ಕಂಡಿತ್ತೆಂಬುದನ್ನು ಮರೆಯುವಂತಿಲ್ಲ.

ಈ ವಿಚಾರವೆಲ್ಲ ಮೈಸೂರಿಗೆ ಹೊಸದಲ್ಲ. ಮಹಾರಾಜ ಕಾಲೇಜಿನಲ್ಲಿ ಡಾ. ಎಸ್. ರಾಧಾಕೃಷ್ಣನ್ನರು 1918ರಿಂದ 1921ರವರೆಗೆ ತತ್ತ್ವಶಾಸ್ತ್ರವನ್ನು ಬೋಧಿಸಿದರು. ಅಲ್ಲಿಯೇ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರು ಭಾರತೀಯ ದರ್ಶನಗಳನ್ನು ಕುರಿತು ಇಂಗ್ಲಿಷಿನಲ್ಲಿ ಬರೆದು 1932ರಲ್ಲಿ ಪ್ರಕಟವಾದ ಗ್ರಂಥ ಇಂದಿಗೂ ವಿದ್ಯಾರ್ಥಿಗಳಿಗೆ ಆಧಾರವಾಗಿದೆ.

ಇವರಿಗಿಂತ ಹಿಂದಿನ ಕಥೆಯೊಂದುಂಟು. 1891ರಲ್ಲಿ ಸ್ಥಾಪಿತವಾದ ಇಲ್ಲಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ತಂಜಾವೂರು ಪ್ರಾಂತದ ಪಂಡಿತರೊಬ್ಬರು ತಾಳೆಯೋಲೆಯ ಕಟ್ಟೊಂದನ್ನು ತಂದುಕೊಟ್ಟರು. ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಮಾಡಿಸಿದರು. ರಾಜ್ಯಭಾರವನ್ನು ಕುರಿತ ಆ ಗ್ರಂಥ, ಅರಸನಾಗುವವನು ಕಲಿಯಬೇಕಾದ ನಾಲ್ಕು ವಿದ್ಯೆಗಳಲ್ಲಿ ಮೊದಲನೆಯದಾಗಿ ಎಣಿಸುವುದು ಆನ್ವೀಕ್ಷಿಕಿಯನ್ನು, ಎಂದರೆ ಕಂಡುದನ್ನು ಮತ್ತೆ ವಿಮರ್ಶಿಸಿ ನೋಡುವ ವಿದ್ಯೆಯನ್ನು. ವೇದ, ಕೃಷಿ ವಾಣಿಜ್ಯಗಳು, ದಂಡನೀತಿ ಇವೆಲ್ಲ ಅನಂತರದವು. ಆನ್ವೀಕ್ಷಿಕಿಯಲ್ಲಿ ಸಾಂಖ್ಯ ಯೋಗಗಳೊಡನೆ ಲೋಕಾಯತವೂ ಸೇರಿದೆ. ಒಪ್ಪದವರ ವಾದವನ್ನೂ ಕಲಿಯತಕ್ಕದ್ದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಉಳಿದ ವಿದ್ಯೆಗಳ ಬಲಾಬಲಗಳನ್ನು ಕಾರಣಗಳಿಂದ ಪರೀಕ್ಷಿಸುವುದೂ, ಕಷ್ಟದಲ್ಲಿಯೂ ಸಂಪತ್ತಿನಲ್ಲಿಯೂ ಬುದ್ಧಿಯನ್ನು ಸ್ಥಿರವಾಗಿಡುವುದೂ ಆ ವಿದ್ಯೆಯ ಪ್ರಯೋಜನವೆಂಬುದು ಅಲ್ಲಿನ ಅಭಿಪ್ರಾಯ.

ತತ್ತ್ವಶಾಸ್ತ್ರವನ್ನು ಏಕೆ ಓದಬೇಕೆಂಬ ಪ್ರಶ್ನೆಗೆ ನನ್ನ ಉತ್ತರವೂ ಇದೇ. ಅದರಿಂದ ಲೋಲಕದ ಕಾಲವನ್ನು ಇನ್ನಷ್ಟು ಸೂಕ್ಷ್ಮವಾಗಿ ಅಳೆಯಲಾಗದು. ಅದಕ್ಕೆ ಒಳ್ಳೆಯ ಗಡಿಯಾರ ಬೇಕು. ಆದರೆ ಅಳೆದುದನ್ನು ಅಳಿಸುವ ಮುನ್ನ ಕೈಯನ್ನು ತಡೆಯುವ ವಿವೇಕ ಗಡಿಯಾರದಿಂದ ಬಾರದು. ಇಂದು ಕೇಳಿದ ಕ್ಷಣದಲ್ಲಿಯೇ ಅಂಗೈಯಲ್ಲಿನ ಯಂತ್ರ ಸಿದ್ಧ ಉತ್ತರವನ್ನು ಒದಗಿಸುತ್ತಿರುವಾಗ ಈ ವಿವೇಕದ ಅಗತ್ಯ ಮತ್ತಷ್ಟು ಹೆಚ್ಚಿದೆ.

ಆದುದರಿಂದ ಉತ್ತರ ಎಷ್ಟು ಬರಬೇಕೆಂದು ಕೇಳುವ ವಿದ್ಯಾರ್ಥಿಗೆ ನಾನೀಗ ಯಾವ ಸಂಖ್ಯೆಯನ್ನೂ ಹೇಳುವುದಿಲ್ಲ. “ನಿನಗೆ ಎಷ್ಟು ಬಂದಿತೋ ಅಷ್ಟನ್ನೇ ಬರೆ. ಅದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಅದರ ಕೆಳಗೆ ಬರೆ” ಎನ್ನುತ್ತೇನೆ. ಆ ಎರಡನೆಯ ಸಾಲನ್ನು ಬರೆಯಲು ಕುಳಿತಾಗಲೇ ಅವನ ತತ್ತ್ವಶಾಸ್ತ್ರದ ಅಭ್ಯಾಸ ಆರಂಭವಾಗುತ್ತದೆ.