ಹಂದಿಗೋಡು ಕಾಯಿಲೆ: ಬೆನ್ನಿನ ಬಾಗು, ಸೊಂಟದ ಕೀಲು ಮತ್ತು ನಡಿಗೆ

ಸಾಗರ ತಾಲ್ಲೂಕಿನ ಹಂದಿಗೋಡು ವೈದ್ಯಕೀಯ ಗ್ರಂಥಗಳಲ್ಲಿ ಒಂದು ಮೂಳೆರೋಗದ ಹೆಸರಾಗಿ ಸೇರಿಹೋಗಿದೆ. 1974–75ರ ಸುಮಾರಿಗೆ ಈ ಊರಿನ ಕೃಷಿಕೂಲಿ ಕುಟುಂಬಗಳಲ್ಲಿ ಹಲವರಿಗೆ ಸೊಂಟ ಮತ್ತು ಮಂಡಿಯ ನೋವು ಕಾಣಿಸಿಕೊಂಡಿತು. ಕ್ರಮೇಣ ಕೆಲವರು ಬೆನ್ನು ಬಾಗಿಸಿ, ಎಡಕ್ಕೂ ಬಲಕ್ಕೂ ಓಲಾಡುತ್ತಾ ನಡೆಯತೊಡಗಿದರು. ಕೆಲವರಿಗೆ ಕೋಲು ಅನಿವಾರ್ಯವಾಯಿತು, ಇನ್ನು ಕೆಲವರು ತೆವಳುವ ಸ್ಥಿತಿಗೆ ಬಂದರು. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಇತರ ಹಳ್ಳಿಗಳಲ್ಲೂ ಇದೇ ತೊಂದರೆ ಪತ್ತೆಯಾಯಿತು. ರೋಗಿಗಳಲ್ಲಿ ಹೆಚ್ಚಿನವರು ಛಲವಾದಿ ಮತ್ತು ಚನ್ನಂಗಿ ಸಮುದಾಯದವರು.

ರೋಗದಲ್ಲಿ ಮೂರು ಬಗೆಗಳಿವೆ. ಮೊದಲ ಬಗೆಯವರ ಎತ್ತರ ಸಾಮಾನ್ಯವಾಗಿರುತ್ತದೆ. ಕೆಡುವುದು ಮುಖ್ಯವಾಗಿ ಸೊಂಟದ ಕೀಲು. ಉಳಿದೆರಡು ಬಗೆಗಳಲ್ಲಿ ಗಿಡ್ಡತನವೂ ಸೇರುತ್ತದೆ, ಬೆನ್ನುಮೂಳೆಯ ಮಣಿಗಳು ಚಪ್ಪಟೆಯಾಗುತ್ತವೆ. ನೋಡುವವರ ಕಣ್ಣಿಗೆ ಬೀಳುವುದು ಬಾಗಿದ ಬೆನ್ನು. ಆದರೆ ಆ ಬಾಗಿನ ಮೂಲ ಬಹಳ ಸಲ ಬೆನ್ನಿನಲ್ಲಿಲ್ಲ, ಅದರ ಕೆಳಗಿರುವ ಸೊಂಟದ ಕೀಲಿನಲ್ಲಿದೆ.

ಆರೋಗ್ಯವಂತರ ಬೆನ್ನುಮೂಳೆಯೂ ನೆಟ್ಟಗಿರುವುದಿಲ್ಲ. ಕುತ್ತಿಗೆಯಲ್ಲಿ 7, ಎದೆಯ ಭಾಗದಲ್ಲಿ 12, ನಡುವಿನಲ್ಲಿ 5 ಮಣಿಗಳಿವೆ. ಕುತ್ತಿಗೆಯೂ ನಡುವೂ ಮುಂದಕ್ಕೆ ಬಾಗಿದ್ದರೆ ಎದೆಯ ಭಾಗ ಹಿಂದಕ್ಕೆ ಬಾಗಿರುತ್ತದೆ. ನಡುವಿನ ಬಾಗು ಗಟ್ಟಿಯಾಗಿ ರೂಪುಗೊಳ್ಳುವುದು ಮಗು ಎದ್ದು ನಿಂತು ನಡೆಯಲು ಕಲಿತ ಮೇಲೆ. ಈ ಬಾಗುಗಳು ಒಂದನ್ನೊಂದು ಸರಿದೂಗಿಸುವುದರಿಂದಲೇ ತಲೆಯ ಭಾರ ಪೆಲ್ವಿಸ್ಸಿನ, ಅಂದರೆ ಸೊಂಟದ ಮೂಳೆಕಟ್ಟಿನ, ನೇರಕ್ಕೆ ಬಂದು ನಿಲ್ಲುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ಜಾನ್ ದ್ಯುಬುಸೆ ಇದನ್ನು ಪಾದದಿಂದ ಮೇಲಕ್ಕೆ ಅಗಲವಾಗುತ್ತಾ ಹೋಗುವ ಒಂದು ಶಂಕುವಿನಿಂದ ವಿವರಿಸಿದರು. ದೇಹ ಶಂಕುವಿನ ಒಳಗಿರುವವರೆಗೆ ನಿಲ್ಲುವುದಕ್ಕೂ ನಡೆಯುವುದಕ್ಕೂ ಸ್ನಾಯುಗಳ ಶ್ರಮ ಕಡಿಮೆ ಸಾಕು. ಅಂಚಿಗೆ ಸರಿದಷ್ಟೂ ಶ್ರಮ ಏರುತ್ತದೆ.

ಸೊಂಟದ ಕೀಲಿನ ಕಷ್ಟ ಅರಿಯಲು ಒಂಟಿಕಾಲಿನ ಕ್ಷಣವನ್ನು ಗಮನಿಸಬೇಕು. ಗದ್ದೆಯ ಅಂಚಿನ ಮೇಲೆ ನಡೆಯಲಿ, ಹಳ್ಳಕ್ಕೆ ಹಾಕಿದ ಸಂಕ ದಾಟಲಿ, ಪ್ರತಿ ಹೆಜ್ಜೆಯಲ್ಲೂ ಒಂದು ಕಾಲು ಗಾಳಿಯಲ್ಲಿರುತ್ತದೆ. ಆಗ ಇಡೀ ದೇಹ ಒಂದೇ ಕೀಲಿನ ಮೇಲೆ ನಿಂತ ತಕ್ಕಡಿಯಾಗುತ್ತದೆ, ಅದರ ಎರಡು ತೋಳುಗಳೂ ಸಮವಲ್ಲ. ದೇಹದ ಭಾರ ಉದ್ದ ತೋಳಿನ ತುದಿಯಲ್ಲಿದೆ. ಅದನ್ನು ಹಿಡಿದು ನಿಲ್ಲಿಸಬೇಕಾದ ಪೃಷ್ಠದ ಪಕ್ಕದ ಸ್ನಾಯು ಗಿಡ್ಡ ತೋಳಿನಲ್ಲಿದೆ. ಹಾಗಾಗಿ ಸ್ನಾಯು ದೇಹದ ತೂಕಕ್ಕಿಂತ ಹೆಚ್ಚು ಬಲದಿಂದ ಎಳೆಯಬೇಕು. ಭಾರ ಮತ್ತು ಎಳೆತ ಎರಡೂ ಕೂಡಿ ಕೀಲನ್ನು ಒತ್ತುತ್ತವೆ. ಬರ್ಲಿನ್ನಿನ ಗಿಯೋರ್ಗ್ ಬೆರ್ಗ್‌ಮನ್ ತಂಡ ಕೃತಕ ಕೀಲುಗಳ ಒಳಗೆ ಅಳತೆಯ ಉಪಕರಣ ಕೂರಿಸಿ, ಗಂಟೆಗೆ ಸುಮಾರು 4 ಕಿ.ಮೀ. ನಡಿಗೆಯಲ್ಲಿ ಈ ಒತ್ತಡ ದೇಹದ ತೂಕದ ಸರಾಸರಿ 238% ಎಂದು 2001ರಲ್ಲಿ ಪ್ರಕಟಿಸಿತು. ಅಂದರೆ 50 ಕೆ.ಜಿ. ತೂಕದವರ ಕೀಲಿನ ಮೇಲೆ ಪ್ರತಿ ಹೆಜ್ಜೆಗೂ ಸುಮಾರು 120 ಕೆ.ಜಿ.ಯ ಹೊರೆ ಬೀಳುತ್ತದೆ.

ಕೀಲು ಸವೆದು ನೋಯುವಾಗ ದೇಹ ಈ ಹೊರೆಯನ್ನು ಇಳಿಸುವ ದಾರಿ ಹುಡುಕುತ್ತದೆ. ಊರಿದ ಕಾಲಿನ ಕಡೆಗೇ ಮೈ ವಾಲಿಸಿದರೆ ತಕ್ಕಡಿಯ ಉದ್ದ ತೋಳು ಮೊಟಕಾಗುತ್ತದೆ, ಸ್ನಾಯುವಿನ ಎಳೆತ ಕಡಿಮೆಯಾಗುತ್ತದೆ, ನೋವೂ ತಗ್ಗುತ್ತದೆ. ಎರಡೂ ಕೀಲುಗಳು ಕೆಟ್ಟಿದ್ದರೆ ಮೈ ಒಂದು ಹೆಜ್ಜೆಗೆ ಎಡಕ್ಕೆ, ಮುಂದಿನದಕ್ಕೆ ಬಲಕ್ಕೆ ವಾಲುತ್ತದೆ. ಹಂದಿಗೋಡಿನ ರೋಗಿಗಳ ಓಲಾಟ ಇದೇ. ಹೀಗೆ ಓಲಾಡುವ ನಡಿಗೆಗೆ ಈ ಸ್ನಾಯುವಿನ ಸೋಲೇ ಕಾರಣವೆಂದು 1895ರಲ್ಲಿ ತೋರಿಸಿದವರು ಜರ್ಮನಿಯ ಫ್ರೀಡ್ರಿಶ್ ಟ್ರೆಂಡೆಲೆನ್‌ಬರ್ಗ್. ರೋಗಿಯನ್ನು ಒಂಟಿಕಾಲಲ್ಲಿ ನಿಲ್ಲಿಸಿದಾಗ ಎತ್ತಿದ ಕಾಲಿನ ಕಡೆಯ ಸೊಂಟ ಕೆಳಗಿಳಿದರೆ ಊರಿದ ಕಡೆಯ ಸ್ನಾಯು ಸೋತಿದೆ ಎಂದರ್ಥ. ಮೂಳೆ ವೈದ್ಯರು ಈಗಲೂ ಈ ಪರೀಕ್ಷೆಯನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ.

ಕೋಲಿನ ಲೆಕ್ಕವೂ ಇಲ್ಲಿಂದಲೇ ಬರುತ್ತದೆ. ನೋವಿರುವ ಕಡೆಯ ಕೈಯಲ್ಲೇ ಕೋಲು ಹಿಡಿಯುವವರು ಹಲವರು. ಹಿಡಿಯಬೇಕಾದದ್ದು ಎದುರು ಕೈಯಲ್ಲಿ. ಅಲ್ಲಿ ಕೋಲು ಕೀಲಿನಿಂದ ದೂರವಿರುವುದರಿಂದ ಸ್ವಲ್ಪ ಊರಿದರೂ ಸ್ನಾಯುವಿನ ಕೆಲಸ ಬಹಳಷ್ಟು ಹಗುರಾಗುತ್ತದೆ. ಎರಡೂ ಕೀಲು ಕೆಟ್ಟವರಿಗೆ ಮಾತ್ರ ಒಂದು ಕೋಲು ಸಾಲದು.

ಬೆನ್ನು ಬಾಗುವುದು ಇನ್ನೊಂದು ಹಾದಿಯಿಂದ. ನೋಯುವ ಕೀಲನ್ನು ಮಡಿಸಿಟ್ಟುಕೊಂಡರೆ ಆರಾಮ ಅನ್ನಿಸುತ್ತದೆ. ವರ್ಷಗಟ್ಟಲೆ ಹಾಗೇ ಇದ್ದರೆ ಕೀಲಿನ ಮುಂಭಾಗದ ಸ್ನಾಯು, ಅಸ್ಥಿರಜ್ಜುಗಳು ಮೊಟಕಾಗಿ ತೊಡೆ ಪೂರ್ತಿ ಹಿಂದಕ್ಕೆ ಚಾಚುವುದಿಲ್ಲ. ಅಂಥವರು ಎದ್ದು ನಿಂತಾಗ ಪೆಲ್ವಿಸ್ ಮುಂದಕ್ಕೆ ವಾಲುತ್ತದೆ. ಮುಗ್ಗರಿಸದಂತೆ ನಡು ಅತಿಯಾಗಿ ಒಳಬಾಗುತ್ತದೆ, ಪೃಷ್ಠ ಹಿಂದಕ್ಕೆ ಚಾಚುತ್ತದೆ. ಮಣಿಗಳೇ ಚಪ್ಪಟೆಯಾಗಿ ಬಿಗಿದ ಬೆನ್ನಿಗೆ ಅಷ್ಟು ಒಳಬಾಗಲು ಸಾಧ್ಯವಾಗದಿದ್ದರೆ ಮುಂಡ ಮುಂದಕ್ಕೇ ಉಳಿದುಬಿಡುತ್ತದೆ. ಆಗ ಮಂಡಿ ಮಡಿಸಬೇಕು, ತೊಡೆಯ ಮೇಲೆ ಕೈ ಊರಬೇಕು, ದಾರಿ ನೋಡಲು ಕತ್ತು ಎತ್ತಬೇಕು. ತೊಡೆ ಹಿಂದೆ ಹೋಗದ ಕಾರಣ ಹೆಜ್ಜೆಯೂ ಗಿಡ್ಡವಾಗುತ್ತದೆ.

ಬಾಗು ಬೆನ್ನಿನದೋ ಕೀಲಿನದೋ ಎಂದು ತಿಳಿಯಲು ಬ್ರಿಟನ್ನಿನ ಹ್ಯೂ ಓವೆನ್ ಥಾಮಸ್ 19ನೇ ಶತಮಾನದಲ್ಲಿ ಕೊಟ್ಟ ಉಪಾಯ ಸರಳ. ರೋಗಿಯನ್ನು ಅಂಗಾತ ಮಲಗಿಸಿ ನಡುವಿನ ಕೆಳಗೆ ಅಂಗೈ ತೂರಿಸಬೇಕು. ಒಂದು ಮಂಡಿಯನ್ನು ಎದೆಗೆ ಒತ್ತಿದಂತೆ ನಡು ಚಪ್ಪಟೆಯಾಗಿ ಅಂಗೈಗೆ ತಾಗುತ್ತದೆ. ಆಗ ಇನ್ನೊಂದು ತೊಡೆ ತಾನಾಗಿ ಮೇಲೆದ್ದರೆ, ನಡುವಿನ ಬಾಗು ಅಷ್ಟು ಹೊತ್ತು ಮುಚ್ಚಿಟ್ಟಿದ್ದ ಕೀಲಿನ ದೋಷ ಬಯಲಾಗುತ್ತದೆ. ಸೊಂಟ ಮತ್ತು ಬೆನ್ನಿನ ಈ ಜಂಟಿ ತೊಂದರೆಗೆ 1983ರಲ್ಲಿ ಆಫಿಯರ್ಸ್ಕಿ ಮತ್ತು ಮ್ಯಾಕ್‌ನಾಬ್ ‘ಹಿಪ್-ಸ್ಪೈನ್ ಸಿಂಡ್ರೋಮ್’ ಎಂದು ಹೆಸರಿಟ್ಟರು.

ಹಂದಿಗೋಡು ಕಾಯಿಲೆಯ ಕಾರಣದ ಬಗ್ಗೆ ಮೊದಲು ಹಬ್ಬಿದ ಸುದ್ದಿ ಏಡಿಯದು. ಗದ್ದೆಗೆ ಎಂಡ್ರಿನ್, ಪ್ಯಾರಾಥಿಯಾನ್‌ನಂಥ ಕೀಟನಾಶಕ ಸುರಿಯುತ್ತಿದ್ದ ಕಾಲವದು. ಅಲ್ಲಿನ ಏಡಿ ಹಿಡಿದು ತಿಂದವರಿಗೆ ಕಾಯಿಲೆ ಬಂತು ಎಂಬ ವಾದ ಪರಿಸರದ ಬರಹಗಳಲ್ಲಿ ಬಹುಕಾಲ ಉಳಿಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ರಮೇಶ್ ವಿ. ಭಟ್ 1970ರ ದಶಕದಲ್ಲೇ ಇದನ್ನು ‘ಮಲೆನಾಡಿನ ಕೌಟುಂಬಿಕ ಸಂಧಿವಾತ’ ಎಂದು ಕರೆದು, ಅದು ಕುಟುಂಬಗಳಲ್ಲಿ ಹರಿದುಬರುವುದನ್ನು ಗುರುತಿಸಿದ್ದರು. 1994ರಲ್ಲಿ ಎಸ್.ಎಸ್. ಅಗರವಾಲ್ ಮತ್ತು ಸಂಗಡಿಗರು ಎಕ್ಸ್‌ರೇ ಅಧ್ಯಯನದಿಂದ ಇದು ಆನುವಂಶಿಕ ಮೂಳೆದೋಷ ಎಂದು ನಿರೂಪಿಸಿದರು. ತಂದೆತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅದು ದಾಟುವ ಸಂಭವ ಅರ್ಧದಷ್ಟು. ಏಡಿ ತಿಂದವರು ರೋಗವಿಲ್ಲದ ಕುಟುಂಬಗಳಲ್ಲೂ ಇದ್ದರೆಂಬುದನ್ನು ವಿಷದ ವಾದ ಎಂದೂ ಸರಿಯಾಗಿ ವಿವರಿಸಲಾರದು. ದಕ್ಷಿಣ ಆಫ್ರಿಕದ ಮ್ಸೆಲೇನಿಯಲ್ಲೂ ಮೇಲ್ನೋಟಕ್ಕೆ ಇಂಥದೇ ಕೀಲುರೋಗವಿದ್ದು, ಎರಡನ್ನೂ 1997ರಲ್ಲಿ ಹೋಲಿಸಿ ನೋಡಲಾಯಿತು.

ವಂಶದಿಂದ ಬಂದ ದೋಷವನ್ನು ಅಳಿಸುವ ಮದ್ದಿಲ್ಲ. ನೋವುನಿವಾರಕ, ಪೃಷ್ಠದ ಸ್ನಾಯುವಿಗೆ ಬಲ ಕೊಡುವ ವ್ಯಾಯಾಮ, ಕೀಲು ಮಡಿಸಿದಂತೆಯೇ ಬಿಗಿಯದ ಹಾಗೆ ದಿನವೂ ಕೆಲಹೊತ್ತು ಬೋರಲು ಮಲಗುವ ರೂಢಿ, ಸರಿಯಾದ ಎತ್ತರದ ಕೋಲು, ಇವು ಮೊದಲ ಹಂತದ ನೆರವು. ಪೂರ್ತಿ ಸವೆದ ಕೀಲಿಗೆ ಬದಲಿ ಕೀಲಿನ ಶಸ್ತ್ರಚಿಕಿತ್ಸೆ ಇದೆ. ಬೆನ್ನು ಇನ್ನೂ ಮೆದುವಾಗಿದ್ದರೆ ಕೀಲು ಸರಿಯಾದ ಮೇಲೆ ಅದರ ಬಾಗೂ ಬಹುಮಟ್ಟಿಗೆ ಇಳಿಯುತ್ತದೆ. ಬೆನ್ನಿನ ಮಣಿಗಳೇ ರೂಪಗೆಟ್ಟಿದ್ದರೆ ಆ ಬಾಗು ಉಳಿಯುತ್ತದೆ. ಅದಕ್ಕೇ ಚಿಕಿತ್ಸೆ ನಿರ್ಧರಿಸುವ ಮುನ್ನ ಬೆನ್ನು, ಸೊಂಟ, ಮಂಡಿ ಮೂರನ್ನೂ ಒಟ್ಟಿಗೆ ಪರೀಕ್ಷಿಸಬೇಕಾಗುತ್ತದೆ.